ಹೊಲದ ಬದುವಿನ ಮರ: ಸರ್ಕಾರದ ಪಾಲೆಷ್ಟು, ನಮ್ಮ ಪಾಲೆಷ್ಟು?



ಈ ದಿವಸ ಮರದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಬಂಡೀಪುರದ ಮರ, ಬಿಳಿಗಿರಿರಂಗನ ಬೆಟ್ಟದ ಮರ ಸರ್ಕಾರದವು. ಅವುಗಳನ್ನು ನೋಡಿಕೊಳ್ಳಲು ಜನ ಇದ್ದಾರೆ. ನಾನು ಹೇಳುವುದು ನಿಮ್ಮ ಪಹಣಿಗೆ ಸೇರಿದ ನೆಲದಲ್ಲಿ, ಬದುವಿನ ಮೇಲೆ, ಬೇಲಿಯ ಸಾಲಿನಲ್ಲಿ, ಉಳುಮೆಗೆ ಬಾರದ ಕಲ್ಲುಗುಡ್ಡೆಯ ಮೂಲೆಯಲ್ಲಿ ನೀವೇ ನೆಟ್ಟು ನೀವೇ ಬೆಳೆಸುವ ಮರಗಳ ವಿಷಯ. ಈ ಕೆಲಸಕ್ಕೆ ತಗಲುವ ಖರ್ಚಿನಲ್ಲಿ ಸರ್ಕಾರ ಒಂದು ಪಾಲನ್ನು ಕೊಡುತ್ತದೆ. ಯಾವಾಗ ಕೊಡುತ್ತದೆ, ಎಷ್ಟು ಕೊಡುತ್ತದೆ, ಯಾವಾಗ ಕೊಡುವುದಿಲ್ಲ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಯೋಜನೆಯ ಹೆಸರು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಕರ್ನಾಟಕ ಅರಣ್ಯ ಇಲಾಖೆಯವರು ಇದನ್ನು 2011-12ರಲ್ಲಿ ಆರಂಭಿಸಿದರು. ನಾನು ಕೃಷಿ ಇಲಾಖೆಯವನು. ‘ಅರಣ್ಯದವರ ಯೋಜನೆ ನಿಮಗೇತಕ್ಕೆ ಸ್ವಾಮಿ?’ ಎಂದು ನೀವು ಕೇಳಬಹುದು. ಸಸಿ ಅವರದಾದರೂ ಹೊಲ ನಿಮ್ಮದಷ್ಟೆ. ಬದುವಿನ ಮೇಲೆ ಮರ ಬಂದರೆ ಅದರ ನೆರಳು ಬೀಳುವುದು ರಾಗಿಯ ಮೇಲೆ, ಬೇರು ಹೋಗುವುದು ಹುರುಳಿಯ ಸಾಲಿಗೆ. ಆದಕಾರಣ ಇದು ನಮ್ಮ ಬೇಸಾಯದ ಮಾತೇ ಆಯಿತು.

ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯನ್ನು ಒಮ್ಮೆ ನೋಡಿ. ಸುತ್ತ ಎತ್ತ ತಿರುಗಿದರೂ ಕಣ್ಣಿಗೆ ಕಾಡೇ. ದಕ್ಷಿಣಕ್ಕೆ ನೀಲಗಿರಿ ಬೆಟ್ಟ, ಪಶ್ಚಿಮಕ್ಕೆ ವಯನಾಡು, ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ. ಆದರೆ ಬಯಲಿನ ಹೊಲಕ್ಕೆ ಇಳಿದರೆ ಮಧ್ಯಾಹ್ನದ ಬುತ್ತಿ ಬಿಚ್ಚಲು ಒಂದು ನೆರಳಿಲ್ಲ. ಬೆಟ್ಟ ಮಳೆಯನ್ನು ತಡೆದುಕೊಳ್ಳುತ್ತದೆ, ನಾವು ಮಳೆಯ ಮರೆಯಲ್ಲಿ ಕುಳಿತಿದ್ದೇವೆ. ಹಿಂದಿನವರು ಬದುವಿಗೊಂದು ಹುಣಸೆ, ಬಾವಿಯ ಪಕ್ಕಕ್ಕೊಂದು ಹೊಂಗೆ, ಮನೆಯ ಹಿಂದೆ ಒಂದು ಬೇವು ಎಂದು ಇಟ್ಟುಕೊಂಡಿದ್ದರು. ಹುಣಸೆ ಹಣ್ಣು ವರ್ಷದ ಸಾರಿಗಾಗಿ ಉಳಿದದ್ದು ಸಂತೆಗೆ ಹೋಗುತ್ತಿತ್ತು. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರ, ಅದರ ಬೀಜ ದೀಪಕ್ಕೆ ಎಣ್ಣೆ. ಟ್ರ್ಯಾಕ್ಟರು ತಿರುಗಲು ಜಾಗ ಬೇಕೆಂದು ಬದುವನ್ನು ಸವರಿದೆವು, ಬದುವಿನೊಂದಿಗೆ ಮರವೂ ಹೋಯಿತು. ಬದು ಹೋದ ಮೇಲೆ ಕೆಮ್ಮಣ್ಣು ಕೆರೆಗೆ ಹೋಯಿತು. ಆದದ್ದಾಯಿತು.

ಮರ ಬೇಕು ಎಂಬುದನ್ನು ನಮ್ಮ ದೇಶ ಕಾಗದದ ಮೇಲೆ ಒಪ್ಪಿಕೊಂಡು ಬಹಳ ಕಾಲವಾಯಿತು. ಭೂಮಿಯ ಮೂರರಲ್ಲಿ ಒಂದು ಪಾಲು ಮರಗಿಡಗಳಿಂದ ಕೂಡಿರಬೇಕೆಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿತು. ಅಷ್ಟು ಮರವನ್ನು ಸರ್ಕಾರಿ ಕಾಡಿನಲ್ಲೇ ಬೆಳೆಸಲಾಗದು, ರೈತನ ಹೊಲವೂ ಬೇಕು. ಅದಕ್ಕಾಗಿ 2014ರಲ್ಲಿ ಕೃಷಿ ಅರಣ್ಯಕ್ಕೆಂದೇ ಪ್ರತ್ಯೇಕ ರಾಷ್ಟ್ರೀಯ ನೀತಿಯೊಂದು ಬಂದಿತು. ಬೇರೆ ದೇಶಗಳಲ್ಲೂ ಈ ಪದ್ಧತಿ ಉಂಟು. ಅಮೆರಿಕದಲ್ಲಿ ಕಾಡಿನ ಬಹುಭಾಗ ಖಾಸಗಿಯವರ ಕೈಯಲ್ಲಿದೆ. ಅಲ್ಲಿ 1990ರ ಕೃಷಿ ಕಾನೂನಿನ ಮೂಲಕ, ಸ್ವಂತ ಕಾಡನ್ನು ಚೆನ್ನಾಗಿ ನೋಡಿಕೊಳ್ಳುವ ಒಡೆಯರಿಗೆ ಸಸಿ ನೆಡುವ, ಕಳೆ ತೆಗೆಯುವ, ಮರ ಸವರುವ ಖರ್ಚಿನಲ್ಲಿ ಸರ್ಕಾರ ಪಾಲು ಹೊರುವ ಏರ್ಪಾಡಾಯಿತು. ಆ ಏರ್ಪಾಡಿನಲ್ಲಿ ಅಲ್ಲಿಯ ಒಡೆಯ ಮಾಡಿದ ಖರ್ಚನ್ನು ತೋರಿಸಿ ಪಾಲು ಪಡೆಯುತ್ತಿದ್ದ. ನಮ್ಮ ಕರ್ನಾಟಕದಲ್ಲಿ ಲೆಕ್ಕವೇ ಬೇರೆ. ಇಲ್ಲಿ ನೀವು ಖರ್ಚಿನ ಚೀಟಿ ತೋರಿಸಬೇಕಾಗಿಲ್ಲ, ಬದುಕಿರುವ ಗಿಡವನ್ನು ತೋರಿಸಬೇಕು. ಈ ಒಂದು ಮಾತನ್ನು ದಯಮಾಡಿ ಮನಸ್ಸಿನಲ್ಲಿಟ್ಟುಕೊಳ್ಳಿ, ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ದರದ ಮಾತಿಗೆ ಬರೋಣ. ಯೋಜನೆ ಹುಟ್ಟಿದಾಗ ಒಂದು ಗಿಡಕ್ಕೆ ಮೂರು ವರ್ಷದಲ್ಲಿ ಒಟ್ಟು 45 ರೂಪಾಯಿ ಇತ್ತು. ಅದು ಆಮೇಲೆ 100 ರೂಪಾಯಿಗೆ ಏರಿತು. ತರುವಾಯ 125 ರೂಪಾಯಿ ಆಯಿತು: ಮೊದಲನೆಯ ವರ್ಷ ಕಳೆದು ಗಿಡ ಬದುಕಿದ್ದರೆ 35, ಎರಡನೆಯ ವರ್ಷ ಕಳೆದರೆ 40, ಮೂರನೆಯ ವರ್ಷ ಕಳೆದರೆ 50. ಹೆಕ್ಟೇರಿಗೆ 400 ಗಿಡದವರೆಗೆ ಈ ಹಣ ಸಿಗುತ್ತದೆ, ಎಂದರೆ ಎಕರೆಗೆ ಸುಮಾರು 160. ಸಸಿಯನ್ನು ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ಬೆಲೆಗೆ ಕೊಡುತ್ತಾರೆ. ಚೀಲದ ಅಳತೆಗೆ ತಕ್ಕಂತೆ ಬೆಲೆ. ದರಗಳು ಹೀಗೆ ಮೇಲೆ ಕೆಳಗೆ ಆಗುತ್ತಿರುತ್ತವಾದ್ದರಿಂದ ಅರ್ಜಿ ಹಾಕುವ ದಿನ ಕಚೇರಿಯಲ್ಲಿ ಮತ್ತೊಮ್ಮೆ ಕೇಳಿಕೊಳ್ಳಿ.

ಹೆಕ್ಟೇರಿಗೆ 400, ಗಿಡಕ್ಕೆ 125, ಅಲ್ಲಿಗೆ 50,000 ರೂಪಾಯಿ! ಹಾಗೆಂದು ಬಾಯಿಲೆಕ್ಕ ಹಾಕಿಕೊಂಡು ಜೀಪಿನ ತುಂಬ ಸಸಿ ತರುವವರನ್ನು ಪ್ರತಿ ವರ್ಷ ಕಾಣುತ್ತೇನೆ. ಬರುವ ಬೇಸಿಗೆಗೆ ಆ ಹೊಲಕ್ಕೆ ಹೋದರೆ ಗುಂಡಿ ಮಾತ್ರ ಇರುತ್ತದೆ. ಸರಿಯಾದ ಲೆಕ್ಕವನ್ನು ಹೀಗೆ ಹಾಕಿ ನೋಡಿ. ಒಬ್ಬಾತ 100 ಸಸಿ ನೆಟ್ಟ. ನೀರಿಲ್ಲದೆ, ಬೇಲಿಯಿಲ್ಲದೆ ಮೊದಲ ವರ್ಷಕ್ಕೆ 30 ಉಳಿದವು, ಎರಡನೆಯ ವರ್ಷಕ್ಕೆ 25, ಮೂರನೆಯದಕ್ಕೆ 20. ಆತನಿಗೆ ಬಂದದ್ದು 1050, 1000, ಮತ್ತೆ 1000. ಒಟ್ಟು 3050 ರೂಪಾಯಿ. ಇನ್ನೊಬ್ಬ ಬುದ್ಧಿವಂತ 40 ಸಸಿಯನ್ನೇ ತಂದ. ನಾಲ್ಕು ಸತ್ತವು, 36 ಉಳಿದವು. ಆತನಿಗೆ ಮೂರು ವರ್ಷಕ್ಕೆ 4500 ರೂಪಾಯಿ. ಮೊದಲನೆಯವ ತೋಡಿದ ಗುಂಡಿ ಎರಡೂವರೆ ಪಟ್ಟು, ಬಂದ ಹಣ ಮೂರರಲ್ಲಿ ಎರಡು ಪಾಲು. ಇನ್ನು ಹದಿನೈದು ವರ್ಷ ಕಳೆದ ಮೇಲೆ ಒಬ್ಬನ ಬದುವಿನಲ್ಲಿ 36 ಮರ, ಇನ್ನೊಬ್ಬನ ಬದುವಿನಲ್ಲಿ 20.

ಇಲ್ಲಿ ತಾಯಂದಿರಿಗೆ ಒಂದು ಮಾತು, ಗಂಡಸರೂ ಕೇಳಿಸಿಕೊಳ್ಳಲಿ. ಸಸಿಯ ಲೆಕ್ಕ ಬರೆಸುವವರು ಗಂಡಸರು, ಅದಕ್ಕೆ ಕೊಡದಲ್ಲಿ ನೀರು ಹೊರುವವರು ಹೆಂಗಸರು. ಒಂದು ಸಸಿಗೆ ವಾರಕ್ಕೆ 10 ಲೀಟರು ನೀರು ಎಂದಿಟ್ಟುಕೊಂಡರೆ 40 ಸಸಿಗೆ 400 ಲೀಟರು, ನಮ್ಮ ಕೊಡದ ಲೆಕ್ಕದಲ್ಲಿ ಇಪ್ಪತ್ತೇಳು ಇಪ್ಪತ್ತೆಂಟು ಕೊಡ. 100 ಸಸಿಗೆ 1000 ಲೀಟರು. ಜನವರಿಯಿಂದ ಏಪ್ರಿಲ್ ನಡುವಿನವರೆಗೆ ಹದಿನೈದು ವಾರ ಇದೇ ಕೆಲಸ. ಹೊಲದಲ್ಲಿ ಕೊಳವೆ ಬಾವಿ ಇದ್ದವರ ಮಾತು ಬೇರೆ. ಇಲ್ಲದವರು ಎಷ್ಟು ಸಸಿ ತರಬೇಕೆಂಬುದನ್ನು ಮನೆಯಲ್ಲಿ ನೀರು ಹೊರುವವರನ್ನು ಕೇಳಿ ನಿಶ್ಚಯಿಸುವುದೇ ಸರಿ. ಅವರು ಮೂವತ್ತು ಎಂದರೆ ಮೂವತ್ತು. ಬ್ಯಾಂಕಿಗೆ ಬರುವ ಹಣದಲ್ಲಿ ಅವರ ಕೈಗೂ ಏನಾದರೂ ಬರಲಿ ಎಂದು ನಾನು ಹೇಳಿದರೆ ತಪ್ಪು ತಿಳಿಯಬಾರದು.

ಯಾವ ಗಿಡ ನೆಡಬೇಕು? ಮೊದಲು, ಯಾವುದಕ್ಕೆ ಪ್ರೋತ್ಸಾಹ ಧನ ಇಲ್ಲ ಎಂಬುದನ್ನು ತಿಳಿಯಿರಿ. ನೀಲಗಿರಿ, ಅಕೇಶಿಯ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಇಂಥವಕ್ಕೆ ಇಲ್ಲ. ತೆಂಗು, ಅಡಿಕೆಗೂ ಇಲ್ಲ. ನೀಲಗಿರಿಯ ಕಥೆ ಹಿರಿಯರಿಗೆ ನೆನಪಿರಬಹುದು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳೆಲ್ಲ ನೀಲಗಿರಿ ತೋಪಾಗತೊಡಗಿದಾಗ 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸಿಗಳನ್ನು ಕಿತ್ತು ಪ್ರತಿಭಟಿಸಿದ್ದರು. ನೆಟ್ಟವರು ಹಣ ಕಂಡರು, ನಿಜ. ಆದರೆ ಕೂಲಿಗೆ ಕೆಲಸ ಕಡಿಮೆಯಾಯಿತು, ಮನೆಗೆ ರಾಗಿ ಬರಲಿಲ್ಲ, ಅಂತರ್ಜಲ ಇಳಿಯಿತೆಂಬ ದೂರು ಎದ್ದಿತು. ಈಗಿನ ಯೋಜನೆ ಹೊಲವನ್ನು ಬಿಡಿಸಿ ತೋಪು ಮಾಡುವ ಯೋಜನೆಯಲ್ಲ ಎಂದು ನಾನು ತಿಳಿದಿದ್ದೇನೆ. ಬೆಳೆ ಬೆಳೆಯುವ ಕಡೆ ಬೆಳೆಯೇ ಇರಲಿ. ಬದು, ಬೇಲಿ, ಕಲ್ಲುಗುಡ್ಡೆ ಇವು ಮರಕ್ಕೆ ಇರಲಿ.

ಬೆಳೆಸಬಹುದಾದವು ಹೊಂಗೆ, ಬೇವು, ಹುಣಸೆ, ನೇರಳೆ, ನೆಲ್ಲಿ, ಹೆಬ್ಬೇವು, ತೇಗ, ಶ್ರೀಗಂಧ ಮೊದಲಾದವು. ಇವುಗಳಲ್ಲಿ ಈಗ ಎಲ್ಲರ ಬಾಯಲ್ಲೂ ಹೆಬ್ಬೇವು. ಆರೇಳು ವರ್ಷಕ್ಕೆ ಪ್ಲೈವುಡ್ ಕಾರ್ಖಾನೆಗೆ ಹೋಗುತ್ತದೆ ಎಂಬುದು ನಿಜವೇ. ಅದು ನೀರುಂಡು ಬೆಳೆದ ಹೆಬ್ಬೇವಿನ ಮಾತು. ಮಳೆಯನ್ನೇ ನಂಬಿದ ಕಲ್ಲು ನೆಲದಲ್ಲಿ ಅದು ಏಳು ವರ್ಷಕ್ಕೂ ಬಡವಾಗಿಯೇ ಇರುತ್ತದೆ. ಅರಿಶಿನ, ಬಾಳೆ, ಈರುಳ್ಳಿಗೆ ನೀರು ಹಾಯಿಸುವ ಹೊಲದ ಬದುವಿಗೆ ಹೆಬ್ಬೇವು ಹಾಕಿ. ಹರಿಯುವ ನೀರಿನಲ್ಲೇ ಅದಕ್ಕೂ ಪಾಲು ಸಿಗುತ್ತದೆ. ಒಣ ಬೇಸಾಯದ ಬದುವಿಗೆ ಹುಣಸೆ, ಹೊಂಗೆ, ಬೇವು, ನೆಲ್ಲಿಯಂಥ ಗಟ್ಟಿ ಜಾತಿಗಳೇ ಮೇಲು. ಹುಣಸೆಗೆ ಅವಸರವಿಲ್ಲ. ಅಪ್ಪ ನೆಟ್ಟರೆ ಮಗ ಮಾರುತ್ತಾನೆ, ಮೊಮ್ಮಗನೂ ಮಾರುತ್ತಾನೆ. ಹುಣಸೆ ನೆಟ್ಟರೆ ಒಂದರಿಂದ ಇನ್ನೊಂದಕ್ಕೆ ಮೂವತ್ತು ಅಡಿಯಾದರೂ ಬಿಡಿ. ಹೆಬ್ಬೇವು, ತೇಗಕ್ಕೆ ಬದುವಿನ ಮೇಲೆ ಹತ್ತು ಹನ್ನೆರಡು ಅಡಿ ಸಾಕು.

ಕಾಡಂಚಿನ ಊರಿನವರು, ಎಂದರೆ ಹಂಗಳ, ಮಂಗಲದ ಕಡೆಯವರು, ಇನ್ನೊಂದು ಯೋಚನೆ ಮಾಡಬೇಕು. ಹಲಸಿನ ಹಣ್ಣಿನ ವಾಸನೆ ಆನೆಯನ್ನು ಎಷ್ಟು ದೂರದಿಂದ ಎಳೆದು ತರುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಕಾಡಿಗೆ ತಾಕಿದ ಬದುವಿನಲ್ಲಿ ಹಲಸು ಬೇಡ. ಬೇವು, ಹೊಂಗೆಯನ್ನು ದನವೂ ಅಷ್ಟಾಗಿ ಮುಟ್ಟುವುದಿಲ್ಲ, ಅವೇ ಲೇಸು. ಅಂಥ ಕಡೆ ಬೆಂಕಿಯ ಭಯವೂ ಉಂಟು. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿ ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ಒಣಹುಲ್ಲು ನಿಂತ ಬದುವಿಗೆ ಒಂದು ಕಿಡಿ ಬಿದ್ದರೆ ಎರಡು ವರ್ಷದ ಸಸಿ ಅರ್ಧ ಗಳಿಗೆಯಲ್ಲಿ ಕರಿಯಾಗುತ್ತದೆ. ಜನವರಿ ಮುಗಿಯುವುದರೊಳಗೆ ಸಸಿಗಳ ಸಾಲಿನ ಎರಡೂ ಮಗ್ಗುಲಲ್ಲಿ ಹುಲ್ಲನ್ನು ಕೆತ್ತಿ ನಾಲ್ಕೈದು ಅಡಿ ಬರಿ ನೆಲ ಮಾಡಿ. ಕೆತ್ತಿದ ಹುಲ್ಲಿಗೆ ಬೆಂಕಿ ಹಾಕದೆ ಸಸಿಯ ಬುಡಕ್ಕೆ ಹೊದಿಕೆ ಮಾಡಿ, ಕಾಂಡಕ್ಕೆ ಮಾತ್ರ ತಾಗದಂತೆ ನಾಲ್ಕು ಬೆರಳು ಬಿಟ್ಟು ಹರಡಿ.

ನೆಡುವ ಕ್ರಮವನ್ನು ನಾನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಹಣ ನಿಂತಿರುವುದೇ ಇದರ ಮೇಲೆ. ಗುಂಡಿಯನ್ನು ಬೇಸಿಗೆಯಲ್ಲೇ, ಮಾರ್ಚ್ ಏಪ್ರಿಲ್‌ನಲ್ಲಿ ತೋಡಬೇಕು. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ಮೇಲಿನ ಮಣ್ಣನ್ನು ಒಂದು ಕಡೆಗೂ ಕೆಳಗಿನ ಮಣ್ಣನ್ನು ಇನ್ನೊಂದು ಕಡೆಗೂ ಹಾಕಿ, ಬಿಸಿಲು ಕುಡಿಯಲು ಬಿಡಿ. ಅಶ್ವಿನಿ, ಭರಣಿ ಮಳೆ ಬಿದ್ದು ಗುಂಡಿ ನೆನೆದ ಮೇಲೆ ಮೇಲ್ಮಣ್ಣಿಗೆ ಎರಡು ಬೊಗಸೆ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಬರುತ್ತದೆ.

ಸಸಿ ತರುವಾಗ ಎತ್ತರವನ್ನಷ್ಟೇ ನೋಡಿ ಮೋಸ ಹೋಗಬಾರದು. ಎರಡು ಅಡಿ ಎತ್ತರವಿದ್ದು ಕಾಂಡ ಪೆನ್ಸಿಲ್ಲಿನಷ್ಟು ದಪ್ಪವಿರುವ ಸಸಿ, ನಾಲ್ಕು ಅಡಿ ಎತ್ತರವಿದ್ದು ಜೊಂಡಿನಂತೆ ಬಾಗುವ ಸಸಿಗಿಂತ ಎಷ್ಟೋ ಮೇಲು. ಚೀಲದ ತಳದಿಂದ ಬೇರು ಹೊರಟು ನೆಲಕ್ಕೆ ಇಳಿದಿದ್ದರೆ ಅದನ್ನು ಕಿತ್ತು ತರುವಾಗಲೇ ಅರ್ಧ ಜೀವ ಹೋಗಿರುತ್ತದೆ, ಅಂಥದನ್ನು ಬಿಡಿ. ತಂದ ದಿನವೇ ನೆಡಬೇಕೆಂದೇನೂ ಇಲ್ಲ. ಮನೆಯ ನೆರಳಿನಲ್ಲಿ ಒಂದು ವಾರ ಇಟ್ಟು ನೀರು ಚಿಮುಕಿಸಿ, ಮಳೆ ನೋಡಿಕೊಂಡು ನೆಡಿ. ನೆಡುವಾಗ ಪ್ಲಾಸ್ಟಿಕ್ ಚೀಲವನ್ನು ಕತ್ತರಿಸಿ ತೆಗೆಯಲೇಬೇಕು. ಅವಸರದಲ್ಲಿ ಚೀಲದೊಂದಿಗೇ ಹೂತುಬಿಡುವವರಿದ್ದಾರೆ! ಮಣ್ಣಿನ ಹೆಂಟೆ ಒಡೆಯಬಾರದು. ಚೀಲದಲ್ಲಿ ಮಣ್ಣು ಎಷ್ಟು ಮಟ್ಟಕ್ಕಿತ್ತೋ ಅಷ್ಟೇ ಮಟ್ಟಕ್ಕೆ ನೆಟ್ಟು, ಸುತ್ತ ಮಣ್ಣನ್ನು ಅಂಗಾಲಿನಿಂದ ಮೆಟ್ಟಿ, ಗಾಳಿಗೆ ಅಲುಗದಂತೆ ಒಂದು ಕೋಲು ಕಟ್ಟಿ. ಬದುವಿನ ಮೇಲಿನ ಸಸಿಯ ಸುತ್ತ ಮೇಲಿನ ಕಡೆಗೆ ಬಾಯಿ ತೆರೆದ ಅರ್ಧ ಚಂದ್ರದ ಪಾತಿ ಮಾಡಿದರೆ ಹರಿಯುವ ಮಳೆನೀರು ಬುಡಕ್ಕೇ ಬಂದು ನಿಲ್ಲುತ್ತದೆ.

ಯಾವ ಮಳೆಗೆ ನೆಡುವುದು? ಗುಂಡ್ಲುಪೇಟೆಯ ಪಶ್ಚಿಮದ ಕಡೆ ಮೃಗಶಿರ, ಆರಿದ್ರಕ್ಕೆ ಸೋನೆ ಹಿಡಿಯುತ್ತದೆ, ಅಲ್ಲಿ ಜೂನ್ ತಿಂಗಳೇ ಕಾಲ. ಚಾಮರಾಜನಗರದ ಬಯಲಿನಲ್ಲಿ ಮೇ ತಿಂಗಳ ಮಳೆ ಒಂದು, ಉತ್ತರೆ ಹಸ್ತದ ಮಳೆ ಒಂದು. ನಡುವೆ ಮೋಡ ಬಂದು ಹೋಗುವುದೇ ಹೆಚ್ಚು. ಅಲ್ಲಿ ರೋಹಿಣಿ ಮಳೆಗೆ ನೆಲ ಒಂದಡಿ ನೆನೆದಿದ್ದರೆ ನೆಟ್ಟುಬಿಡಿ. ನೆನೆಯದಿದ್ದರೆ ಸೆಪ್ಟೆಂಬರಿನವರೆಗೆ ಸಸಿಯನ್ನು ನೆರಳಿನಲ್ಲಿ ಸಾಕಿಕೊಳ್ಳುವುದೇ ಲೇಸು. ಒಣ ಗುಂಡಿಗೆ ಸಸಿ ಇಟ್ಟು ಆಕಾಶ ನೋಡುವುದರಲ್ಲಿ ಅರ್ಥವಿಲ್ಲ.

ಬೇಸಿಗೆಯ ನೀರಿಗೆ ಒಂದು ಹಳೆಯ ಉಪಾಯ ಹೇಳುತ್ತೇನೆ. ಬಣ್ಣ, ಎಣ್ಣೆ ಏನೂ ಬಳಿಯದ ಹಳೆಯ ಮಣ್ಣಿನ ಮಡಕೆಯನ್ನು ಸಸಿಯಿಂದ ಒಂದು ಅಡಿ ದೂರದಲ್ಲಿ ಕಂಠದವರೆಗೆ ಹೂಳಿ. ತಳದಲ್ಲಿ ಒಂದು ಸಣ್ಣ ತೂತು ಮಾಡಿ ಬಟ್ಟೆಯ ಬತ್ತಿ ಸೇರಿಸಿದರೂ ಆಯಿತು, ಮಾಡದಿದ್ದರೂ ನೀರು ಮೈಯಿಂದ ಜಿನುಗುತ್ತದೆ. ನೀರು ತುಂಬಿ ಬಾಯಿಗೆ ಒಂದು ಚಪ್ಪಡಿ ಮುಚ್ಚಿ. ಮೇಲೆ ಸುರಿದ ನೀರು ಬಿಸಿಲಿಗೆ ಆರಿಹೋಗುತ್ತದೆ, ಮಡಕೆಯ ನೀರು ಬೇರಿಗೆ ಹೋಗುತ್ತದೆ. ಬೇರು ನೀರನ್ನು ಹುಡುಕಿ ಕೆಳಕ್ಕೆ ಇಳಿದರೆ ಎರಡನೆಯ ಬೇಸಿಗೆಗೆ ಅರ್ಧ ಭಯ ಕಳೆಯಿತು.

ಬೇಲಿಯನ್ನು ಮರೆಯಬೇಡಿ. ಬೇಸಿಗೆಯಲ್ಲಿ ಬೆಳೆ ಎದ್ದ ಮೇಲೆ ಊರ ದನ, ಆಡು ಎಲ್ಲವೂ ಹೊಲಕ್ಕೆ ಬೀಳುತ್ತವೆ. ಅದು ನಮ್ಮ ಕಡೆಯ ಪದ್ಧತಿ. ಒಂಟಿ ರೈತ ಬದುವಿನ ಮೇಲೆ ಹಸಿರು ಇಟ್ಟುಕೊಂಡರೆ ಊರ ಆಡೆಲ್ಲ ಅಲ್ಲಿಗೇ. ಜಾಲಿ ಮುಳ್ಳನ್ನೋ, ಕಾಡಂಚಿನಲ್ಲಿ ಬೇಕಾದಷ್ಟು ಸಿಗುವ ಲಂಟಾನದ ಒಣ ಕಡ್ಡಿಯನ್ನೋ ಒಂದೊಂದು ಸಸಿಗೆ ಗೂಡಿನಂತೆ ಕಟ್ಟಿ. ಅಕ್ಕಪಕ್ಕದ ಆರೇಳು ಮನೆಯವರು ಒಟ್ಟಾಗಿ ಒಂದೇ ವರ್ಷ ಸಸಿ ನೆಟ್ಟರೆ ಕಾಯುವವನಿಗೆ ಕೂಲಿ ಹಂಚಿಕೊಳ್ಳಬಹುದು, ಆಡಿನವನಿಗೂ ಮಾತು ತಾಗುತ್ತದೆ. ನನಗೆ ಕಂಡಂತೆ ಗಿಡ ಉಳಿದಿರುವ ಊರುಗಳಲ್ಲೆಲ್ಲ ಹೀಗೆ ಕೂಡಿ ಮಾಡಿದವರೇ ಹೆಚ್ಚು.

‘ನೆರಳು ಬಿದ್ದು ರಾಗಿ ಹೋಗುವುದಿಲ್ಲವೇ?’ ಎಂಬುದು ಹಿರಿಯರ ಪ್ರಶ್ನೆ. ಹೋಗುತ್ತದೆ, ಬಿಟ್ಟರೆ. ಹಿಂಗಾರಿನ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಹೊಲದ ಉತ್ತರದ ಬದುವಿಗೆ ಮರ ಹಾಕಿದರೆ ನಿಮ್ಮ ಬೆಳೆಗೆ ತೊಂದರೆ ಕಡಿಮೆ. ಪಕ್ಕದವನ ಬೆಳೆಗೆ ಹೆಚ್ಚು, ಅದೂ ನಿಜ! ಅದಕ್ಕೇ ಗಡಿಯಿಂದ ಒಳಗೆ ಐದಾರು ಅಡಿ ಬಿಟ್ಟು ನೆಟ್ಟು, ಪಕ್ಕದವನಿಗೆ ಮೊದಲೇ ಒಂದು ಮಾತು ಹೇಳಿ. ಮರ ದೊಡ್ಡದಾದ ಮೇಲೆ ನ್ಯಾಯ ಕಟ್ಟೆಗೆ ಹೋಗುವುದಕ್ಕಿಂತ ಸಸಿಯಿದ್ದಾಗ ಒಂದು ಲೋಟ ಕಾಫಿ ಕೊಡುವುದು ಅಗ್ಗ. ಎರಡನೆಯ ವರ್ಷದಿಂದ ಕೆಳಗಿನ ರೆಂಬೆಗಳನ್ನು ಕಾಂಡಕ್ಕೆ ಗಾಯವಾಗದಂತೆ ಸವರಿದರೆ ಮರ ನೆಟ್ಟಗೆ ಹೋಗುತ್ತದೆ, ಬೆಳೆಗೆ ಬಿಸಿಲು ಸಿಗುತ್ತದೆ. ಹೆಬ್ಬೇವಿನ ಸೊಪ್ಪು ಆಡಿಗೆ ಮೇವಾಗುತ್ತದೆ. ಬೇರು ಬೆಳೆಯ ಕಡೆ ಹರಿಯದಿರಲು ಮರದ ಸಾಲಿನಿಂದ ನಾಲ್ಕು ಅಡಿ ಒಳಗೆ ಎರಡು ಅಡಿ ಆಳದ ಕಾಲುವೆ ತೆಗೆದರೆ ಮಳೆನೀರು ಇಂಗುವುದೂ ಅದರಲ್ಲೇ ಆಗುತ್ತದೆ.

ಶ್ರೀಗಂಧದ ವಿಷಯ ಕೇಳುವವರು ಬಹಳ. ಟಿಪ್ಪುವಿನ ಕಾಲದಿಂದ ಗಂಧ ರಾಜನ ಮರವೆಂದೇ ಆಗಿತ್ತು. ಹೊಲ ನಮ್ಮದು, ಗಂಧ ಸರ್ಕಾರದ್ದು! ಆ ಭಯಕ್ಕೆ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿಯನ್ನು ರೈತರೇ ಕಿತ್ತು ಹಾಕುತ್ತಿದ್ದ ಕಾಲವಿತ್ತು. ಕರ್ನಾಟಕ ಅರಣ್ಯ ಕಾಯಿದೆಗೆ 2001ರಲ್ಲಿ ತಿದ್ದುಪಡಿಯಾಗಿ, ನಿಮ್ಮ ನೆಲದಲ್ಲಿರುವ ಗಂಧದ ಮರಕ್ಕೆ ನೀವೇ ಒಡೆಯರೆಂದಾಯಿತು. ಆದರೆ ಕಡಿಯುವುದು, ಸಾಗಿಸುವುದು, ಮಾರುವುದು ಇಂದಿಗೂ ಇಲಾಖೆಯ ನಿಯಮದ ಪ್ರಕಾರವೇ ಆಗಬೇಕು. ಗಂಧ ಒಂಟಿಯಾಗಿ ಬದುಕುವ ಗಿಡವಲ್ಲ. ಪಕ್ಕದ ಗಿಡದ ಬೇರಿನಿಂದ ಆಹಾರ ಹೀರುತ್ತದೆ. ಆದಕಾರಣ ನೆಡುವಾಗ ಪಕ್ಕಕ್ಕೆ ತೊಗರಿ, ಮುಂದೆ ಆಸರೆಗೆ ಹೊಂಗೆ ಅಥವಾ ನೆಲ್ಲಿ ಇರಬೇಕು. ಚೇಗು ಕಟ್ಟಲು ಹದಿನೈದು ವರ್ಷವಾದರೂ ಬೇಕು, ಚೇಗು ಕಟ್ಟಿದ ದಿನದಿಂದ ಕಳ್ಳನ ಕಾಟ. ಗಂಧದ ಕಳ್ಳತನ ಎಂದರೇನೆಂದು ನಮ್ಮ ಜಿಲ್ಲೆಯವರಿಗೆ ಬೇರೆ ಊರಿನವರು ಬಂದು ಹೇಳಿಕೊಡಬೇಕಾಗಿಲ್ಲ. ತೋಟದಲ್ಲೇ ಮನೆ ಮಾಡಿಕೊಂಡಿರುವವರು ಹಾಕಲಿ. ಊರಿನಿಂದ ಎರಡು ಮೈಲಿ ದೂರದ ಹೊಲದಲ್ಲಿ ಗಂಧ ಹಾಕಿ ನಿದ್ದೆಗೆಡುವುದು ಬೇಡವೆಂಬುದೇ ನನ್ನ ಅಭಿಪ್ರಾಯ.

ಕಾಗದ ಪತ್ರದ ಮಾತು ಬೇಸರದ್ದಾದರೂ ಹೇಳಲೇಬೇಕು. ಅರ್ಜಿಯನ್ನು ನಿಮ್ಮ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೊಡಬೇಕು. ಹತ್ತು ರೂಪಾಯಿ ನೋಂದಣಿ ಶುಲ್ಕ. ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಬೇಕು. ಹಣ ನೇರವಾಗಿ ಖಾತೆಗೇ ಬರುತ್ತದೆ. ಸಸಿ ಕೊಂಡ ರಸೀದಿಯನ್ನು ಮೂರು ವರ್ಷವೂ ಜೋಪಾನವಾಗಿ ಇಟ್ಟುಕೊಳ್ಳಿ. ಬೇರೆ ಖಾಸಗಿಯವರಿಂದ ಸಸಿ ತಂದು ಆಮೇಲೆ ಪ್ರೋತ್ಸಾಹ ಧನ ಕೇಳಿದರೆ ತಕರಾರು ಬರುತ್ತದೆ. ಮೊದಲು ನೋಂದಣಿ, ಆಮೇಲೆ ಸಸಿ.

ಅನೇಕ ಮನೆಗಳಲ್ಲಿ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದೆ, ತಾತ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ಸಸಿ ನೆಡಲು ಇದು ಅಡ್ಡಿಯಲ್ಲ, ಹಣ ಬರಲು ಅಡ್ಡಿ. ಪೌತಿ ಖಾತೆಗೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಅಣ್ಣತಮ್ಮಂದಿರ ಪಾಲಾಗಿಲ್ಲದ ಬದುವಿನಲ್ಲಿ ಮರ ನೆಟ್ಟರೆ ಮುಂದೆ ಮರವೇ ಜಗಳಕ್ಕೆ ಬೀಜವಾಗುವುದುಂಟು. ಎಲ್ಲರೂ ಕೂತು, ಮರದ ಪಾಲು ಹೇಗೆಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಸಂಗತಿ ಗುಂಡ್ಲುಪೇಟೆ ತಾಲ್ಲೂಕಿಗೆ ವಿಶೇಷವಾಗಿ ಸೇರಿದ್ದು. ಶುಂಠಿಗೋ ಬಾಳೆಗೋ ಕೇರಳದ ಕಡೆಯವರಿಗೆ ಹೊಲವನ್ನು ಗುತ್ತಿಗೆಗೆ ಕೊಡುವುದು ಇಲ್ಲಿ ನಡೆದುಬಂದಿದೆ. ಗುತ್ತಿಗೆದಾರನಿಗೆ ಬೇಕಾದ್ದು ಆ ವರ್ಷದ ಬೆಳೆ. ಬದುವಿನ ಸಸಿ ಅವನಿಗೆ ಯಂತ್ರಕ್ಕೆ ಅಡ್ಡ. ಮಾತಾಡುವಾಗಲೇ ‘ಬದುವಿನಲ್ಲಿ ಇಷ್ಟು ಸಸಿ ಇವೆ, ಅವುಗಳಿಗೆ ಬೆಳೆಯ ನೀರಿನಲ್ಲೇ ನೀರು ಬಿಡಬೇಕು, ಸತ್ತರೆ ಒಂದೊಂದಕ್ಕೆ ಇಷ್ಟು’ ಎಂದು ಕರಾರಿನಲ್ಲಿ ಬರೆಸಿ. ಹೀಗೆ ಬರೆಸಿದರೆ ಗುತ್ತಿಗೆಯ ಭೂಮಿಯಲ್ಲೇ ಸಸಿ ಚೆನ್ನಾಗಿ ಬರುವುದುಂಟು, ಏಕೆಂದರೆ ಅಲ್ಲಿ ನೀರು ಧಾರಾಳ.

ಎಣಿಸಲು ಬರುವವರ ವಿಷಯ. ವರ್ಷ ಕಳೆದ ಮೇಲೆ ಅರಣ್ಯ ಇಲಾಖೆಯ ಸಿಬ್ಬಂದಿ ಹೊಲಕ್ಕೆ ಬಂದು ಬದುಕಿರುವ ಗಿಡಗಳನ್ನು ಎಣಿಸುತ್ತಾರೆ. ಆ ದಿನ ಮನೆಯವರೊಬ್ಬರು ಹೊಲದಲ್ಲಿರಲೇಬೇಕು. ಹುಲ್ಲಿನ ನಡುವೆ ಮೊಣಕಾಲುದ್ದದ ಸಸಿ ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಮೊದಲೇ ಬುಡ ಬಿಡಿಸಿ, ಕೋಲಿಗೆ ಸುಣ್ಣ ಬಳಿದಿಡಿ. ಅವರು ಬರೆದುಕೊಂಡ ಸಂಖ್ಯೆಯನ್ನು ನಿಮ್ಮ ಪುಸ್ತಕದಲ್ಲೂ ಬರೆದುಕೊಳ್ಳಿ. ಹಣ ಬರುವುದು ಕೆಲವೊಮ್ಮೆ ತಡವಾಗುತ್ತದೆ. ಇದನ್ನು ನಂಬಿ ಸಾಲ ಮಾಡಬೇಡಿ, ಮಕ್ಕಳ ಶಾಲೆಯ ಫೀಜಿಗೆ ಇದನ್ನೇ ಕಾಯಬೇಡಿ. ಒಂದು ಗಿಡಕ್ಕೆ ಮೂರು ವರ್ಷದಲ್ಲಿ ಆಗುವ ಗುಂಡಿ, ಗೊಬ್ಬರ, ನೀರು, ಬೇಲಿಯ ಶ್ರಮಕ್ಕೆ ಕೂಲಿ ಕಟ್ಟಿದರೆ 125 ರೂಪಾಯಿ ಸಾಲುವುದೇ ಇಲ್ಲ. ಅದು ಪಾಲು ಮಾತ್ರ. ಉಳಿದ ಪಾಲನ್ನು ನೀವು ಹೊರುತ್ತೀರಿ, ಮರವೂ ನಿಮಗೇ ಉಳಿಯುತ್ತದೆ.

ಮರ ಬೆಳೆದ ಮೇಲೆ ಕಡಿಯುವ ಮಾತೂ ಈಗಲೇ ತಿಳಿದಿರಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಸ್ವಂತ ಹೊಲದ ಮರವನ್ನಾದರೂ ಕಡಿಯಲು ಅನುಮತಿ ಬೇಕು; ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಸಸಿ ಕೊಳ್ಳುವಾಗಲೇ ‘ಇದನ್ನು ಕಡಿಯಲು ಪರವಾನಗಿ ಬೇಕೇ, ಸಾಗಿಸಲು ರಹದಾರಿ ಬೇಕೇ’ ಎಂದು ಎರಡು ಪ್ರಶ್ನೆ ಕೇಳಿ ಉತ್ತರವನ್ನು ಬರೆದುಕೊಳ್ಳಿ. ಮರಗಳನ್ನು ಪಹಣಿಯಲ್ಲಿ ನಮೂದು ಮಾಡಿಸಿ. ನಮೂದಿಲ್ಲದೆ, ಪರವಾನಗಿಯಿಲ್ಲದೆ ದಲ್ಲಾಳಿಗೆ ಮಾರಲು ಹೊರಟರೆ ಆತ ಅದೇ ನೆಪ ಹಿಡಿದು ಬೆಲೆಯನ್ನು ಅರ್ಧಕ್ಕೆ ಇಳಿಸುತ್ತಾನೆ.

ಈ ವರ್ಷ ನೆಡಬೇಕೆನ್ನುವವರು ಯುಗಾದಿ ಕಳೆಯುತ್ತಲೂ ಒಂದು ಕೆಲಸ ಮಾಡಿ. ಬದುವಿನ ಮೇಲೆ ಹೆಜ್ಜೆ ಹಾಕಿ ಗುಂಡಿಗೆ ಗುರುತು ಮಾಡಿ, ಮನೆಯಲ್ಲಿ ನೀರಿನ ಲೆಕ್ಕ ಹಾಕಿ, ಸಂಖ್ಯೆ ನಿಶ್ಚಯಿಸಿ. ಏಪ್ರಿಲ್ ಒಳಗೆ ಗುಂಡಿ ಮುಗಿಯಲಿ. ಮೇ ತಿಂಗಳಲ್ಲಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಹೆಸರು ಬರೆಸಿ, ಬೇಕಾದ ಜಾತಿ ಸಸ್ಯಕ್ಷೇತ್ರದಲ್ಲಿದೆಯೇ ಎಂದು ಕಣ್ಣಾರೆ ನೋಡಿ ಬನ್ನಿ. ತಡವಾಗಿ ಹೋದವರಿಗೆ ಉಳಿಯುವುದು ಉಳಿದ ಸಸಿ. ಪೌತಿ ಖಾತೆಯದೋ ಪಹಣಿಯದೋ ತೊಡಕಿದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಯಾವ ಕಚೇರಿಗೆ ಯಾವ ಕಾಗದವೆಂದು ಅಲ್ಲಿ ಹೇಳುತ್ತೇವೆ.